ಹಿತ್ತಿಲ ಗೌಜಲಕ್ಕಿ: ಸಾಕುತ್ತ ಕಲಿತ ಹದಿನಾಲ್ಕು ಪಾಠಗಳು

ಗೌಜಲಕ್ಕಿ ಸಾಕಬೇಕೆಂದು ವಿಚಾರಿಸಲು ನಮ್ಮ ಮನೆಗೆ ಬರುವವರು ಸಾಮಾನ್ಯವಾಗಿ ಎರಡು ಮಾತು ಕೇಳಿಕೊಂಡು ಬಂದಿರುತ್ತಾರೆ. ಇದು ಕೋಳಿಗಿಂತ ಸುಲಭ ಎನ್ನುವುದು ಒಂದು, ದುಡ್ಡು ಬೇಗ ಬರುತ್ತದೆ ಎನ್ನುವುದು ಇನ್ನೊಂದು. ಜಾಗ ಕಡಿಮೆ ಸಾಕು, ಬಂಡವಾಳ ಕಡಿಮೆ ಸಾಕು, ಆರೇಳು ವಾರಕ್ಕೆ ಮೊಟ್ಟೆ ಕಾಣಬಹುದು ಎನ್ನುವುದೆಲ್ಲ ನಿಜವೇ. ಆದರೆ ಈ ಹಕ್ಕಿಯ ಬಾಳಿನಲ್ಲಿ ಎಲ್ಲವೂ ಬೇಗ ಬೇಗ ನಡೆದುಹೋಗುತ್ತದೆ. ಹದಿನೇಳನೇ ದಿನಕ್ಕೆ ಮರಿ ಒಡೆಯುತ್ತದೆ, ಮೂರನೇ ವಾರಕ್ಕೆ ಗಂಡು ಹೆಣ್ಣು ತಿಳಿಯುತ್ತದೆ, ಐದನೇ ವಾರಕ್ಕೆ ಮಾಂಸಕ್ಕೆ ಬರುತ್ತದೆ. ಬೆಳೆಯುವುದು ಎಷ್ಟು ಬೇಗವೋ ಕೈತಪ್ಪುವುದೂ ಅಷ್ಟೇ ಬೇಗ. ಆದ್ದರಿಂದ ಇದಕ್ಕೆ ದೊಡ್ಡ ಶೆಡ್ಡು ಬೇಡ, ಪ್ರತಿದಿನ ತಪ್ಪದ ಗಮನ ಬೇಕು. ಮುಂದಿನ ಪಾಠಗಳೆಲ್ಲ ಈ ಒಂದು ಮಾತಿನಿಂದ ಹೊರಟವು.

1. ಬಲೆಯ ಹಕ್ಕಿ ಬೇಡ, ಫಾರಂ ಹಕ್ಕಿ ತನ್ನಿ

ನಮ್ಮ ಹೊಲಗದ್ದೆ, ಹುಲ್ಲುಬಯಲುಗಳಲ್ಲಿ ಕಾಲಬುಡದಿಂದ ಪುರ್ರೆಂದು ಎದ್ದು ಹಾರುವ ಗೌಜಲಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಹಿಡಿಯುವುದು, ಮಾರುವುದು ಅಪರಾಧ. ಸಂತೆಯಲ್ಲಿ ಯಾರಾದರೂ ಬುಟ್ಟಿಯಲ್ಲಿ ಮುಚ್ಚಿ ತಂದು ಅಗ್ಗಕ್ಕೆ ಕೊಡುತ್ತೇನೆಂದರೂ ಕೊಳ್ಳಬೇಡಿ. ಮನೆಯಲ್ಲಿ ಸಾಕುವುದು ಜಪಾನಿ ಗೌಜಲಕ್ಕಿಯನ್ನು. ಜಪಾನಿನವರು ಅದನ್ನು ಮೊದಲು ಸಾಕಿದ್ದು ಅದರ ಕೂಗನ್ನು ಮೆಚ್ಚಿ. 20ನೇ ಶತಮಾನದ ಆರಂಭದಲ್ಲಿ ಅದು ಅಲ್ಲಿ ಮೊಟ್ಟೆಯ ಹಕ್ಕಿಯಾಯಿತು. ನಮ್ಮ ದೇಶಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಿಂದ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕಾರಿ ಉತ್ತಮ್, ಕಾರಿ ಉಜ್ವಲ್, ಕಾರಿ ಪರ್ಲ್ ಮುಂತಾದ ತಳಿಗಳನ್ನು ರೂಪಿಸಿದೆ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯವೂ ತನ್ನದೇ ತಳಿಗಳನ್ನು ಕೊಟ್ಟಿದೆ.

ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಈ ಸಾಕಣೆಗೆ ತಡೆ ಹಾಕಿ, ಕೆಲವು ವರ್ಷಗಳಲ್ಲಿ ಸಡಿಲಿಸಿತು. ಈ ಕಾರಣಕ್ಕೆ ಇದನ್ನು ಸಾಕಬಹುದೇ ಎಂದು ಇವತ್ತಿಗೂ ಕೆಲವರು ಅನುಮಾನದಿಂದ ಕೇಳುತ್ತಾರೆ. ನೋಂದಾಯಿತ ಫಾರಂ ಅಥವಾ ಸರ್ಕಾರಿ ಸಂಸ್ಥೆಯಿಂದಲೇ ಮರಿ ತಂದು ರಸೀದಿ ಇಟ್ಟುಕೊಂಡರೆ ಯಾರಿಗೂ ಉತ್ತರ ಹೇಳಬಹುದು. ಸಾಕಿ ಬೇಸರವಾಯಿತೆಂದು ಹಕ್ಕಿಗಳನ್ನು ಹೊಲಕ್ಕೆ ಬಿಡುವುದು ಮಾತ್ರ ಖಂಡಿತ ಕೂಡದು. ಅವುಗಳಲ್ಲಿ ಹೆಚ್ಚಿನವು ಹೊರಗೆ ಬದುಕಲಾರವು. ಬದುಕಿ ಉಳಿದರೆ ಕಾಡಿನ ಗೌಜಲಿನ ಜೊತೆ ಬೆರೆತು ಅದರ ತಳಿಯನ್ನು ಕೆಡಿಸುತ್ತವೆ.

2. ಗೂಡು ಕಟ್ಟುವ ಮೊದಲು ಲೆಕ್ಕ ಹಾಕಿ

ಒಂದು ಮೊಟ್ಟೆ 10ರಿಂದ 12 ಗ್ರಾಂ ತೂಗುತ್ತದೆ. ಐದು ಸೇರಿದರೆ ಒಂದು ಕೋಳಿಮೊಟ್ಟೆ. ಬೆಳೆದ ಹಕ್ಕಿ ದಿನಕ್ಕೆ ಸುಮಾರು 25 ಗ್ರಾಂ ಮೇವು ತಿನ್ನುತ್ತದೆ. ಹದಿನಾರು ಹೆಣ್ಣು, ನಾಲ್ಕು ಗಂಡು ಇಟ್ಟುಕೊಂಡರೆ ದಿನಕ್ಕೆ ಅರ್ಧ ಕೆಜಿ, ತಿಂಗಳಿಗೆ 15 ಕೆಜಿ ಮೇವು ಬೇಕು. ಅದಕ್ಕೆ ಪ್ರತಿಯಾಗಿ ದಿನಕ್ಕೆ ಹನ್ನೆರಡು ಮೊಟ್ಟೆಯ ಆಸುಪಾಸು ಸಿಗುತ್ತದೆ, ಎಂದರೆ ಎರಡೂವರೆ ಕೋಳಿಮೊಟ್ಟೆಯಷ್ಟು. ನಿಮ್ಮೂರಿನ ಮೇವಿನ ದರ ಹಿಡಿದು ಗುಣಿಸಿ ನೋಡಿ. ತೂಕಕ್ಕೆ ತೂಕ ಇಟ್ಟರೆ ಇದು ಅಂಗಡಿಯ ಕೋಳಿಮೊಟ್ಟೆಗಿಂತ ಅಗ್ಗವಾಗುವುದಿಲ್ಲ. ಮಾಂಸದ್ದೂ ಅದೇ ಕಥೆ. ಐದು ವಾರಕ್ಕೆ ಅರ್ಧ ಕೆಜಿಗೂ ಸ್ವಲ್ಪ ಹೆಚ್ಚು ಮೇವು ತಿಂದ ಹಕ್ಕಿ 180ರಿಂದ 200 ಗ್ರಾಂ ಬರುತ್ತದೆ. ಬ್ರಾಯ್ಲರ್ ಕೋಳಿ ಅಷ್ಟೇ ಮೇವಿಗೆ ಇದಕ್ಕಿಂತ ಹೆಚ್ಚು ಮೈ ತುಂಬಿಕೊಳ್ಳುತ್ತದೆ.

ಹಾಗಾದರೆ ಸಾಕುವುದೇಕೆ? ಕೋಳಿ ಬಿಡಲು ಅಂಗಳವಿಲ್ಲದ ಮನೆಯಲ್ಲೂ ಇದನ್ನು ಸಾಕಬಹುದು. ಏನು ತಿಂದು ಬೆಳೆಯಿತೆಂದು ತಿಳಿದಿರುವ ಮೊಟ್ಟೆ, ಮಾಂಸ ಮನೆಯವರ ತಟ್ಟೆಗೆ ಬರುತ್ತದೆ. ಗುಂಪನ್ನು ಎರಡೇ ತಿಂಗಳಲ್ಲಿ ಹೊಸದಾಗಿ ಕಟ್ಟಿಕೊಳ್ಳಬಹುದು. ಈ ಮೂರು ಕಾರಣ ನಿಮಗೆ ಸಾಕೆನಿಸಿದರೆ ಮುಂದುವರಿಯಿರಿ. ಲಾಭವೊಂದೇ ಗುರಿಯಾದರೆ, ತಪ್ಪದೆ ಕೊಳ್ಳುವ ಹೋಟೆಲೋ ಅಂಗಡಿಯೋ ಸಿಕ್ಕ ಮೇಲೆ ಮಾತ್ರ ಸಂಖ್ಯೆ ಹೆಚ್ಚಿಸಿ. ಮನೆಗಾದರೆ ಇಪ್ಪತ್ತು ಹಕ್ಕಿ ಧಾರಾಳ.

3. ಗೂಡು ತಲೆಯನ್ನೂ ಕಾಯಬೇಕು, ಕಾಲನ್ನೂ ಕಾಯಬೇಕು

ಬೆದರಿದ ಗೌಜಲಕ್ಕಿ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಗೂಡಿನ ಎತ್ತರ ಎರಡು ಮೂರು ಅಡಿ ಇದ್ದರೆ ಜೋರಾಗಿ ಹೋಗಿ ತಲೆ ಬಡಿದುಕೊಂಡು ನೆತ್ತಿ ಒಡೆದುಕೊಳ್ಳುತ್ತದೆ. ಅದಕ್ಕೇ ಗೂಡಿನ ಎತ್ತರ ಒಂದು ಅಡಿ ದಾಟಬಾರದು. ಇಲ್ಲವೇ ಆಳೆತ್ತರದ ಕೋಣೆಯಂಥ ಗೂಡು ಮಾಡಿ. ನಡುವಿನ ಎತ್ತರ ಅಪಾಯ. ಮೇಲ್ಭಾಗದ ಒಳಗೆ ಹಸಿರು ನೆರಳುಬಲೆ ಅಥವಾ ಗೋಣಿ ಬಿಗಿದು ಕಟ್ಟಿದರೆ ಪೆಟ್ಟು ಬಲವಾಗಿ ತಾಗುವುದಿಲ್ಲ.

ಫಾರಂಗಳಲ್ಲಿ ಒಂದು ಚದರ ಅಡಿಗೆ ಐದಾರು ಹಕ್ಕಿ ಬಿಡುತ್ತಾರೆ. ಮನೆಯಲ್ಲಿ ಎರಡು ಮೂರು ಸಾಕು. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಗೂಡಿನಲ್ಲಿ ಇಪ್ಪತ್ತು ಹಕ್ಕಿ ಚೆನ್ನಾಗಿರುತ್ತವೆ. ಇಕ್ಕಟ್ಟಾದರೆ ಕುಕ್ಕಾಟ ಶುರು. ರಕ್ತ ಕಂಡರೆ ಉಳಿದವೂ ಬಂದು ಅಲ್ಲಿಗೇ ಕುಕ್ಕುತ್ತವೆ. ಬರೀ ಜಾಲರಿಯ ಮೇಲೆ ನಿಂತೇ ಇದ್ದರೆ ಅಂಗಾಲು ಹುಣ್ಣಾಗುತ್ತದೆ. ನೆಲದ ಮೂರನೇ ಒಂದು ಭಾಗಕ್ಕೆ ಹಲಗೆಯನ್ನೋ ರಬ್ಬರ್ ಚಾಪೆಯನ್ನೋ ಹಾಸಿ. ಒಂದು ಅಗಲ ಬೋಗುಣಿಯಲ್ಲಿ ಒಣ ಮರಳಿಡಿ. ಅವು ಅದರಲ್ಲಿ ಹೊರಳಿ ಮೈ ಉಜ್ಜಿಕೊಳ್ಳುವುದನ್ನು ನೋಡಿದರೆ ಈ ಹಕ್ಕಿಗೆ ಮರಳು ಎಷ್ಟು ಮುಖ್ಯವೆಂದು ಯಾರೂ ಹೇಳಬೇಕಾಗಿಲ್ಲ. ಮೈಮೇಲಿನ ಹೇನೂ ಕಡಿಮೆಯಾಗುತ್ತದೆ.

4. ಕತ್ತಲಾದ ಮೇಲೆ ಬರುವವರನ್ನು ಮರೆಯಬೇಡಿ

ಇಲಿ, ಹೆಗ್ಗಣ, ಬೆಕ್ಕು, ಮುಂಗುಸಿ, ಕೇರೆಹಾವು ಎಲ್ಲಕ್ಕೂ ಗೌಜಲಕ್ಕಿ ಸುಲಭದ ತುತ್ತು. ಕೋಳಿಗೂಡಿಗೆ ಹಾಕುವ ಷಟ್ಕೋನದ ಸಡಿಲ ಜಾಲರಿ ಇಲ್ಲಿಗೆ ಆಗುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿಯೇ ಬೇಕು. ಇಲಿ ಒಳಗೆ ಬರಬೇಕೆಂದೇನೂ ಇಲ್ಲ, ಕೆಳಗಿನಿಂದ ಕಾಲು ಕಚ್ಚಿ ಎಳೆಯುತ್ತದೆ. ಗೂಡು ನೆಲದಿಂದ ಮೂರು ಅಡಿ ಮೇಲಿರಲಿ, ಗೋಡೆಗೆ ಅಂಟದಿರಲಿ. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟರೆ ಇರುವೆ ಹತ್ತುವುದಿಲ್ಲ. ಕೆಂಪಿರುವೆಯ ಸಾಲು ಒಂದು ರಾತ್ರಿ ಮರಿಗಳ ಪೆಟ್ಟಿಗೆಗೆ ನುಗ್ಗಿದರೆ ಬೆಳಗ್ಗೆಗೆ ಏನೂ ಉಳಿಯದು. ಚೆಲ್ಲಿದ ಮೇವನ್ನು ಸಂಜೆಯೇ ಗುಡಿಸಿ. ಇಲಿ ಬರುವುದು ಮೇವಿಗೆ, ಹಾವು ಬರುವುದು ಇಲಿಗೆ.

5. ಮೊದಲ ಹತ್ತು ದಿನ ಗೆದ್ದರೆ ಉಳಿದದ್ದು ಗೆದ್ದಂತೆ

ಮೊಟ್ಟೆಯೊಡೆದ ಮರಿ ಏಳೆಂಟು ಗ್ರಾಂ, ಹೆಬ್ಬೆರಳಿನಷ್ಟೇ ಗಾತ್ರ. ಮೈಯ ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನೂ ಇರುವುದಿಲ್ಲ. ಮೊದಲ ವಾರ ಮರಿ ಇರುವ ಜಾಗದಲ್ಲಿ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬಂದು ಮೂರು ನಾಲ್ಕನೇ ವಾರಕ್ಕೆ ನಿಲ್ಲಿಸಬಹುದು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆಯ ತಂತಿಬಲ್ಬು ಅಥವಾ ಸೆರಾಮಿಕ್ ಹೀಟರ್ ಬೇಕು. ಅದನ್ನು ಎರಡು ಕಡೆ ಬಿಗಿಯಾಗಿ ಕಟ್ಟಿ. ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

ಥರ್ಮಾಮೀಟರ್ ಇರಲಿ, ಆದರೆ ಮರಿಗಳನ್ನೇ ನೋಡಿ ಕಲಿಯಿರಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಮುಗಿಬಿದ್ದರೆ ಚಳಿ. ಮೂಲೆ ಹಿಡಿದು ಬಾಯಿ ತೆರೆದುಕೊಂಡಿದ್ದರೆ ಸೆಕೆ. ಎಲ್ಲೆಡೆ ಹರಡಿ ತಿನ್ನುತ್ತ, ಮಲಗುತ್ತ ಇದ್ದರೆ ಸರಿಯಾಗಿದೆ. ಮುಗಿಬಿದ್ದ ಮರಿಗಳಲ್ಲಿ ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಈ ಸಾವು ನಡೆಯುವುದು ಹೆಚ್ಚಾಗಿ ರಾತ್ರಿ ಕರೆಂಟು ಹೋದಾಗ. ಬಿಸಿನೀರಿನ ಬಾಟಲಿಗಳಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಡಲು ಸಿದ್ಧವಾಗಿರಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ, ಅದರ ವಿಷಾನಿಲ ಹಕ್ಕಿಗೂ ಮನುಷ್ಯರಿಗೂ ಮಾರಕ.

ನೀರಿನ ತಟ್ಟೆ ಇನ್ನೊಂದು ಅಪಾಯ. ಅರ್ಧ ಇಂಚು ನೀರಿನಲ್ಲಿ ಈ ಮರಿ ಮುಳುಗಿ ಸಾಯಬಲ್ಲದು. ಆಳವಿಲ್ಲದ ಮುಚ್ಚಳದಲ್ಲಿ ಬೆಣಚುಕಲ್ಲು ಅಥವಾ ಗೋಲಿ ತುಂಬಿ, ಸಂದಿಯ ನೀರನ್ನು ಮಾತ್ರ ಕುಡಿಯುವಂತೆ ಮಾಡಿ. ನೆಲಕ್ಕೆ ಪತ್ರಿಕೆ ಹಾಸಬೇಡಿ. ನುಣುಪಿನಲ್ಲಿ ಕಾಲು ಜಾರಿ ಅಗಲಿಸಿಕೊಂಡ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ. ಒರಟಾದ ಗೋಣಿಬಟ್ಟೆ ಒಳ್ಳೆಯದು. ಎರಡನೇ ವಾರಕ್ಕೆ ರೆಕ್ಕೆ ಬಲಿತು ಹಾರಲು ಶುರುಮಾಡುತ್ತವೆ, ಅಷ್ಟರೊಳಗೆ ಪೆಟ್ಟಿಗೆಯ ಮೇಲೆ ಬಲೆ ಮುಚ್ಚಿ.

6. ಕೋಳಿಯ ಮೇವು ಅರ್ಧ ದಾರಿಯಷ್ಟೇ

ಇಷ್ಟು ಬೇಗ ಬೆಳೆಯುವ ಹಕ್ಕಿಗೆ ಪ್ರೋಟೀನ್ ಹೆಚ್ಚು ಬೇಕು. ಮೊದಲ ಮೂರು ವಾರ ಮೇವಿನಲ್ಲಿ 24ರಿಂದ 27 ಶೇಕಡಾ ಪ್ರೋಟೀನ್ ಇರಬೇಕು. ಮೊಟ್ಟೆಯಿಡುವ ಹಕ್ಕಿಗೆ 20ರ ಆಸುಪಾಸು ಸಾಕು. ಗೌಜಲಕ್ಕಿಗೆಂದೇ ತಯಾರಿಸಿದ ಮೇವು ಎಲ್ಲ ಊರಲ್ಲೂ ಸಿಗುವುದಿಲ್ಲ. ಬ್ರಾಯ್ಲರ್ ಪ್ರಿ-ಸ್ಟಾರ್ಟರ್ ಎಲ್ಲೆಡೆ ಸಿಗುತ್ತದೆ, ಅದರಲ್ಲಿ ಇರುವುದು ಸುಮಾರು 22 ಶೇಕಡಾ. ಅಂಥ 10 ಕೆಜಿಗೆ ಎಣ್ಣೆ ತೆಗೆದ ಸೋಯಾ ಹಿಂಡಿ ಒಂದೂವರೆ ಕೆಜಿ ಬೆರೆಸಿದರೆ 25ಕ್ಕೆ ಏರುತ್ತದೆ. ಹಿಂಡಿಯನ್ನು ಚೆನ್ನಾಗಿ ಪುಡಿಮಾಡಿ ಜರಡಿ ಹಿಡಿಯಿರಿ. ಕಾಳು ದಪ್ಪವಿದ್ದರೆ ಮೊದಲ ವಾರದ ಮರಿ ತಟ್ಟೆ ತುಂಬ ಮೇವಿದ್ದೂ ಉಪವಾಸ ಬೀಳುತ್ತದೆ.

ಮೊಟ್ಟೆಕೋಳಿಯ ಲೇಯರ್ ಮೇವನ್ನು ಮರಿಗಳಿಗೆ ಹಾಕಬೇಡಿ. ಅದರಲ್ಲಿರುವ ಹೆಚ್ಚಿನ ಸುಣ್ಣದ ಅಂಶ ಎಳೆಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೊಟ್ಟೆ ಶುರುವಾದ ಮೇಲೆ ಆ ಸುಣ್ಣವೇ ಬೇಕು. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟರೆ ಹೆಣ್ಣುಗಳು ತಮಗೆ ಬೇಕಾದಷ್ಟೇ ತಿನ್ನುತ್ತವೆ. ಅನ್ನ, ಮುದ್ದೆಯ ಚೂರು, ಅಕ್ಕಿನುಚ್ಚು ಹಾಕಿ ಸಾಕುತ್ತೇನೆಂದರೆ ಮೊಟ್ಟೆ ನಿಲ್ಲುತ್ತದೆ. ಸೊಪ್ಪು ಕೊಡಿ, ಆದರೆ ಅದು ಮೇವಿನ ಜಾಗ ತುಂಬದು.

ಮೇವನ್ನು ಮೂರು ನಾಲ್ಕು ವಾರಕ್ಕೆ ಆಗುವಷ್ಟು ಮಾತ್ರ ತನ್ನಿ. ಮಳೆಗಾಲದಲ್ಲಿ ನೆಲಕ್ಕೆ ತಾಗಿದ ಚೀಲ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷ ಕಣ್ಣಿಗೆ ಕಾಣುವ ಮೊದಲೇ ಹಕ್ಕಿಯ ಪಿತ್ತಜನಕಾಂಗಕ್ಕೆ ತಾಗಿರುತ್ತದೆ. ಮುಗ್ಗಲು ವಾಸನೆ ಬಂದ ಮೇವನ್ನು ಬಿಸಿಲಿಗೆ ಹಾಕಿ ಬಳಸುವ ಯೋಚನೆ ಬೇಡ, ತಿಪ್ಪೆಗೆ ಹಾಕಿ.

7. ಮೂರನೇ ವಾರ ಎದೆ ನೋಡಿ, ಗಂಡುಗಳನ್ನು ಬೇರ್ಪಡಿಸಿ

ಸಾಮಾನ್ಯ ಕಂದು ಬಣ್ಣದ ತಳಿಯಲ್ಲಿ ಮೂರನೇ ವಾರಕ್ಕೆ ಗಂಡಿನ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಹೆಣ್ಣಿನ ಎದೆ ತಿಳಿ ಬಣ್ಣದ್ದು, ಕಪ್ಪು ಚುಕ್ಕೆಗಳಿರುತ್ತವೆ. ಬಿಳಿ ತಳಿಯಲ್ಲಿ ಇದು ನಡೆಯದು. ಆರನೇ ವಾರದ ನಂತರ ಬಾಲದ ಕೆಳಗೆ ಉಬ್ಬು ನೋಡಬೇಕು. ಮೆಲ್ಲಗೆ ಒತ್ತಿದಾಗ ಬಿಳಿ ನೊರೆ ಬಂದರೆ ಗಂಡು.

ತಿನ್ನುವ ಮೊಟ್ಟೆಗೆ ಗಂಡು ಬೇಕಿಲ್ಲ. ಮರಿ ಮಾಡಿಸಬೇಕಿದ್ದರೆ ಮೂರು ಹೆಣ್ಣಿಗೆ ಒಂದು ಗಂಡು ಸಾಕು. ಅದಕ್ಕಿಂತ ಹೆಚ್ಚಾದರೆ ಗಂಡುಗಳು ಕಾದಾಡುತ್ತವೆ, ಹೆಣ್ಣುಗಳ ನೆತ್ತಿಯ ಗರಿ ಕಿತ್ತು ಗಾಯ ಮಾಡುತ್ತವೆ. ಗಂಡು ಕೂಗುವುದು ಹೊತ್ತುಗೊತ್ತಿಲ್ಲದೆ, ದೀಪವಿದ್ದರೆ ರಾತ್ರಿಯೂ. ಗೋಡೆಗೆ ಗೋಡೆ ತಾಗಿರುವ ಮನೆಗಳಲ್ಲಿ ಇದನ್ನು ಮೊದಲೇ ಯೋಚಿಸಿ. ಹೆಚ್ಚಾದ ಗಂಡುಗಳೇ ಮನೆಯ ಮಾಂಸ.

8. ಮೊಟ್ಟೆ ಬೆಳಕಿನ ಫಲ

ಹೆಣ್ಣು ಆರೇಳನೇ ವಾರಕ್ಕೆ ಮೊಟ್ಟೆ ಶುರುಮಾಡಿ, ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ 250ರಷ್ಟು ಕೊಡುತ್ತದೆ. ಅದಕ್ಕೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನವೆಂಬರ್‌ನಿಂದ ಜನವರಿಯವರೆಗೆ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಯ ಸುತ್ತ ಇರುತ್ತದೆ, ಆಗ ಮೊಟ್ಟೆ ಇಳಿಯುತ್ತದೆ. ಸಂಜೆ ಒಂದು ಸಣ್ಣ ಎಲ್‌ಇಡಿ ಬಲ್ಬು ಉರಿಸಿದರೆ ಸಾಕು. ದಿನಾ ಒಂದೇ ಹೊತ್ತಿಗೆ ಹಾಕಿ, ಒಂದೇ ಹೊತ್ತಿಗೆ ಆರಿಸಿ. ಬೆಳೆಯುವ ಹಕ್ಕಿಗಳಿಗೆ ಮಾತ್ರ ಈ ಹೆಚ್ಚುವರಿ ಬೆಳಕು ಬೇಡ. ಮೈ ಬಲಿಯುವ ಮೊದಲೇ ಮೊಟ್ಟೆಗೆ ಬಂದ ಹೆಣ್ಣಿಗೆ ಗರ್ಭನಾಳ ಹೊರಬಂದು ಜೀವಕ್ಕೆ ಕುತ್ತಾಗುತ್ತದೆ.

ಕೋಳಿ ಬೆಳಗ್ಗೆ ಇಟ್ಟರೆ ಗೌಜಲಕ್ಕಿ ಹೆಚ್ಚಾಗಿ ಇಡುವುದು ಮಧ್ಯಾಹ್ನ ಮೂರರ ಮೇಲೆ, ಮುಸ್ಸಂಜೆಯೊಳಗೆ. ಆ ಹೊತ್ತಿನಲ್ಲಿ ಗೂಡಿನ ಹತ್ತಿರ ಗದ್ದಲ ಬೇಡ, ನಾಯಿ ಸುಳಿಯುವುದು ಬೇಡ. ಕತ್ತಲಾದ ಮೇಲೆ ಒಮ್ಮೆ ಮೊಟ್ಟೆ ಆಯ್ದುಕೊಂಡರೆ ತುಳಿತ, ಕುಕ್ಕು ಎರಡೂ ತಪ್ಪುತ್ತವೆ.

9. ಕಾವು ಕೊಡುವ ಹೊಣೆ ನಿಮ್ಮದು

ತಲೆತಲಾಂತರದ ಸಾಕಣೆಯಲ್ಲಿ ಈ ಹಕ್ಕಿ ಕಾವಿಗೆ ಕೂರುವ ಗುಣವನ್ನೇ ಬಿಟ್ಟಿದೆ. ಮರಿ ಬೇಕೆಂದರೆ ಇನ್‌ಕ್ಯುಬೇಟರ್ ಬೇಕು, ಇಲ್ಲವೇ ಸಣ್ಣ ಮೈಯ ನಾಟಿ ಹೇಂಟೆ ಸಿಗಬೇಕು. ಕಾವಿಗೆ ಇಡುವ ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಿರಬಾರದು. ಅದನ್ನು ತೊಳೆಯಬಾರದು, ಫ್ರಿಜ್ಜಿನಲ್ಲಿ ಇಡಬಾರದು. ತಂಪಾದ ಮೂಲೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಡಿ. ಶಾಖ 37.5 ಡಿಗ್ರಿ. ಮೊದಲ ಎರಡು ವಾರ ತೇವಾಂಶ 55ರಿಂದ 60 ಶೇಕಡಾ, ಕೊನೆಯ ಮೂರು ದಿನ 70ರ ಸುತ್ತ. ಹದಿನಾಲ್ಕನೇ ದಿನದವರೆಗೆ ದಿನಕ್ಕೆ ಮೂರು ಬಾರಿಯಾದರೂ ಮೊಟ್ಟೆ ಹೊರಳಿಸಬೇಕು. ಆಮೇಲೆ ಮುಟ್ಟಬಾರದು. ಕೊನೆಯ ಮೂರು ದಿನ ಕುತೂಹಲಕ್ಕೆಂದು ಮುಚ್ಚಳ ತೆರೆದರೆ ತೇವ ಹಾರಿಹೋಗಿ ಪೊರೆ ಒಣಗುತ್ತದೆ, ಮರಿ ಒಳಗೇ ಸಿಕ್ಕಿಕೊಳ್ಳುತ್ತದೆ. ಒಡೆದು ಬಂದ ಮರಿ ಒಣಗುವವರೆಗೆ ಅಲ್ಲೇ ಇರಲಿ. ಹೊಟ್ಟೆಯೊಳಗಿನ ಹಳದಿಯ ಬಲದಿಂದ ಅದು ಒಂದು ದಿನ ಮೇವಿಲ್ಲದೆ ಇರಬಲ್ಲದು.

ಕರೆಂಟು ಹೋದರೆ ಗಾಬರಿ ಬೇಡ. ಇನ್‌ಕ್ಯುಬೇಟರ್ ಮುಚ್ಚಿಯೇ ಇಟ್ಟು ಮೇಲೆ ಕಂಬಳಿ ಹೊದಿಸಿ. ಕೆಲವು ಗಂಟೆಯ ತಂಪನ್ನು ಭ್ರೂಣ ತಡೆಯುತ್ತದೆ. ತಡೆಯಲಾರದ್ದು ಶಾಖ ಏರುವುದನ್ನು. 40 ಡಿಗ್ರಿ ದಾಟಿ ಸ್ವಲ್ಪ ಹೊತ್ತು ನಿಂತರೂ ನಷ್ಟ.

ರಕ್ತಸಂಬಂಧದ ವಿಷಯ ಬಹಳ ಮುಖ್ಯ. ಗೌಜಲಕ್ಕಿಯಲ್ಲಿ ಅಣ್ಣ ತಂಗಿಯರನ್ನೇ ಕೂಡಿಸುತ್ತ ಹೋದರೆ ಕೆಲವೇ ತಲೆಮಾರಿನಲ್ಲಿ ಮೊಟ್ಟೆ ಕಟ್ಟುವುದು, ಒಡೆಯುವುದು, ಮರಿ ಬದುಕುವುದು ಎಲ್ಲವೂ ಇಳಿಯುತ್ತವೆ. ಪ್ರತಿ ಬಾರಿ ಹೊಸ ಗುಂಪು ಕಟ್ಟುವಾಗ ಗಂಡುಗಳನ್ನು ಬೇರೆ ಫಾರಂನಿಂದ ತನ್ನಿ.

10. ಬೇಸಿಗೆಗೆ ಮಾರ್ಚ್‌ಗೆ ಮೊದಲೇ ಸಿದ್ಧರಾಗಿ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ 40 ಡಿಗ್ರಿ ಬಿಸಿಲು ಈ ಹಕ್ಕಿಗೆ ಬಹಳ ಕಷ್ಟ. 35 ದಾಟಿದರೆ ಬಾಯಿ ತೆರೆದು ತೇಕುತ್ತವೆ, ಮೇವು ಬಿಡುತ್ತವೆ, ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ. ಶೀಟಿನ ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಪಕ್ಕಕ್ಕೆ ಒದ್ದೆ ಗೋಣಿ ಕಟ್ಟಿ. ಗಾಳಿಯಾಡಲು ಒಂದು ಬದಿ ತೆರೆದಿರಲಿ. ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ಹಾಕಿ, ನೀರನ್ನು ಹಗಲಿಗೆ ಎರಡು ಮೂರು ಸಲ ಬದಲಿಸಿ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ಎರಚಲೇ ದೊಡ್ಡ ಚಿಂತೆ. ಒದ್ದೆಯಾದ ಹಕ್ಕಿ ಬೇಗ ಕುಗ್ಗುತ್ತದೆ.

11. ಹಿಕ್ಕೆ ನಿಂತರೆ ಹಕ್ಕಿ ಉಳಿಯದು

ಪ್ರೋಟೀನ್ ಹೆಚ್ಚು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಅಮೋನಿಯ ಹೆಚ್ಚು. ಗೂಡಿನ ಮುಂದೆ ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ, ಹಗಲಿರುಳು ಅಲ್ಲೇ ಇರುವ ಹಕ್ಕಿಯ ಶ್ವಾಸಕೋಶದ ಗತಿ ಊಹಿಸಿ. ಕೆಳಗಿನ ತಟ್ಟೆಯನ್ನು ದಿನ ಬಿಟ್ಟು ದಿನವಾದರೂ ತೆಗೆಯಿರಿ. ತಟ್ಟೆಯಲ್ಲಿ ಭತ್ತದ ಹೊಟ್ಟು ಅಥವಾ ಒಣ ಮಣ್ಣು ಹರಡಿದ್ದರೆ ಬಳಿಯುವುದು ಸುಲಭ, ನೊಣವೂ ಕಡಿಮೆ. ಈ ಹಿಕ್ಕೆಯನ್ನು ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಒಣ ಎಲೆ ಬೆರೆಸಿ ಎರಡು ಮೂರು ತಿಂಗಳು ಕೊಳೆಸಿದರೆ ಕರಿಬೇವು, ನುಗ್ಗೆ, ತೆಂಗು ಎಲ್ಲಕ್ಕೂ ಒಳ್ಳೆಯ ಗೊಬ್ಬರ. ಗೂಡನ್ನು ಅಡುಗೆಮನೆಗೆ, ಮಲಗುವ ಕೋಣೆಗೆ ಹತ್ತಿರ ಇಡಬೇಡಿ. ಹಕ್ಕಿ ಮುಟ್ಟಿದ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ.

12. ಕೋಳಿಯ ಜೊತೆ ಬೆರೆಸಬೇಡಿ

ಗೌಜಲಕ್ಕಿಗೆ ರೋಗವೇ ಬರುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಕೋಳಿಗಿಂತ ಗಟ್ಟಿ ಎನ್ನುವುದು ನಿಜ, ಅದಕ್ಕೇ ಮನೆಮಟ್ಟದಲ್ಲಿ ಲಸಿಕೆ ಹಾಕುವ ರೂಢಿ ಕಡಿಮೆ. ಆದರೆ ಕರುಳು ಹುಣ್ಣಾಗುವ ರೋಗ, ರಕ್ತಭೇದಿ ಇದಕ್ಕೂ ಬರುತ್ತವೆ. ಕೆಲವು ರೋಗಾಣುಗಳನ್ನು ತಾನು ಹೆಚ್ಚು ನರಳದೆ ಹೊತ್ತುಕೊಂಡು ಕೋಳಿಗೆ ದಾಟಿಸಲೂ ಬಲ್ಲದು. ನಾಟಿ ಕೋಳಿ ಸಾಕುವ ಮನೆಯಾದರೆ ಗೂಡು, ಪಾತ್ರೆ, ಪೊರಕೆ ಎಲ್ಲವೂ ಬೇರೆಯಾಗಿರಲಿ. ಹೊಸದಾಗಿ ತಂದ ಹಕ್ಕಿಯನ್ನು ಎರಡು ಮೂರು ವಾರ ಬೇರೆಯಿಡಿ. ಗರಿ ಕೆದರಿ, ಕಣ್ಣು ಮುಚ್ಚಿ, ಬಿಳಿ ನೀರಿನಂಥ ಹಿಕ್ಕೆ ಹಾಕುವ ಹಕ್ಕಿಯನ್ನು ಆ ಕ್ಷಣವೇ ಬೇರ್ಪಡಿಸಿ. ಔಷಧಿ ಅಂಗಡಿಯಿಂದ ಊಹೆಯ ಮೇಲೆ ಆ್ಯಂಟಿಬಯಾಟಿಕ್ ತಂದು ನೀರಿಗೆ ಹಾಕಬೇಡಿ. ಸತ್ತ ಹಕ್ಕಿಯನ್ನು ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ದು ತೋರಿಸಿದರೆ ಕಾರಣ ತಿಳಿಯುತ್ತದೆ. ಒಮ್ಮೆಲೇ ಹಲವು ಹಕ್ಕಿ ಸತ್ತರೆ ಮುಚ್ಚಿಡದೆ ಪಶುಪಾಲನಾ ಇಲಾಖೆಗೆ ತಿಳಿಸಿ. ಹಕ್ಕಿಜ್ವರದ ಕಾಲದಲ್ಲಿ ಇದು ಊರಿಗೇ ಸೇರಿದ ಹೊಣೆ.

13. ಮಾಂಸಕ್ಕೆ ತೆಗೆಯುವಾಗಲೂ ಕರುಣೆ ಇರಲಿ

ಐದಾರು ವಾರದ ಹಕ್ಕಿಯ ಮಾಂಸ ಮೆತ್ತಗೆ. ಬೆಳೆಯುವುದು ಆ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ, ಮುಂದೆ ತಿನ್ನಿಸಿದ ಮೇವು ವ್ಯರ್ಥ. ಕೊಯ್ಯುವ ಐದಾರು ಗಂಟೆ ಮೊದಲು ಮೇವು ನಿಲ್ಲಿಸಿ, ನೀರು ಕೊಡಿ. ಉಳಿದ ಹಕ್ಕಿಗಳ ಕಣ್ಣೆದುರು ಕೊಯ್ಯಬೇಡಿ. ಹರಿತವಾದ ಚಾಕು, ಒಂದೇ ಏಟು. ಬಿಸಿನೀರಿನಲ್ಲಿ ಅದ್ದಿ ಗರಿ ಕೀಳಬಹುದು, ಚರ್ಮ ಸಮೇತ ಸುಲಿದರೆ ಕೆಲಸ ಬೇಗ ಮುಗಿಯುತ್ತದೆ. 200 ಗ್ರಾಂ ಹಕ್ಕಿಯಲ್ಲಿ ಚರ್ಮ ಸೇರಿ 130ರಿಂದ 140 ಗ್ರಾಂ ಮಾಂಸ ಉಳಿಯುತ್ತದೆ, ತಲೆಗೊಂದು ಹಕ್ಕಿ ಹಿಡಿದರೆ ಊಟಕ್ಕೆ ಸರಿಹೋಗುತ್ತದೆ. ಮೆಣಸು, ಬೆಳ್ಳುಳ್ಳಿ, ಕರಿಬೇವು ಹಾಕಿ ಹುರಿದರೂ ಸರಿ, ಮುದ್ದೆಗೆ ಸಾರು ಮಾಡಿದರೂ ಸರಿ, ಇಪ್ಪತ್ತು ನಿಮಿಷ ಮೀರಿ ಬೇಯಿಸಿದರೆ ಒಣಗುತ್ತದೆ. ನಾವೇ ಸಾಕಿದ್ದನ್ನು ಕೊಯ್ಯಲಾರೆವು ಎನ್ನುವ ಮನೆಗಳಿವೆ. ಅಂಥವರು ಹೆಣ್ಣುಗಳನ್ನಷ್ಟೇ ತಂದು ಮೊಟ್ಟೆಗೆ ಸಾಕಿ. ಒಂದು ವರ್ಷದ ನಂತರ ಮೊಟ್ಟೆ ಇಳಿಯುತ್ತದೆ, ಆ ಹಕ್ಕಿಗಳನ್ನು ಏನು ಮಾಡುವುದೆಂದು ಮಾತ್ರ ಮೊದಲೇ ತೀರ್ಮಾನಿಸಿ.

14. ಮೊಟ್ಟೆಯನ್ನು ಮದ್ದೆಂದು ಮಾರಬೇಡಿ, ಪುಸ್ತಕ ಬರೆಯುವುದನ್ನು ಬಿಡಬೇಡಿ

ಈ ಮೊಟ್ಟೆ ತಿಂದರೆ ಉಬ್ಬಸ ಹೋಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಹೇಳಿ ದುಪ್ಪಟ್ಟು ಬೆಲೆಗೆ ಮಾರುವವರಿದ್ದಾರೆ. 100 ಗ್ರಾಂ ಗೌಜಲಕ್ಕಿ ಮೊಟ್ಟೆಯಲ್ಲಿ ಸುಮಾರು 13 ಗ್ರಾಂ ಪ್ರೋಟೀನ್ ಇದೆ, ಕೋಳಿಮೊಟ್ಟೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಕೊಲೆಸ್ಟರಾಲ್ ಮಾತ್ರ ತೂಕಕ್ಕೆ ತೂಕ ಕೋಳಿಮೊಟ್ಟೆಯ ಎರಡರಷ್ಟು. ಕೋಳಿಮೊಟ್ಟೆ ಒಗ್ಗದ ಮಗುವಿಗೆ ಇದೂ ಒಗ್ಗದೆ ಹೋಗಬಹುದು, ಡಾಕ್ಟರನ್ನು ಕೇಳದೆ ಕೊಡಬೇಡಿ. ಇದು ಒಳ್ಳೆಯ ಆಹಾರ, ರುಚಿಯಾದ ಆಹಾರ, ಅಷ್ಟು ಹೇಳಿದರೆ ಸಾಕು. ಕುದಿಯುವ ನೀರಿಗೆ ಹಾಕಿ ನಾಲ್ಕೈದು ನಿಮಿಷದಲ್ಲಿ ಬೇಯುತ್ತದೆ. ತಣ್ಣೀರಿಗೆ ಹಾಕಿ ಅಂಗೈಯಲ್ಲಿ ಮೆಲ್ಲಗೆ ಉರುಳಿಸಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ.

ಗೂಡಿನ ಪಕ್ಕದಲ್ಲಿ ಒಂದು ಪುಸ್ತಕ ನೇತುಹಾಕಿ. ದಿನದ ಮೊಟ್ಟೆ, ಹಾಕಿದ ಮೇವು, ಸತ್ತ ಹಕ್ಕಿ, ಕಾವಿಗೆ ಇಟ್ಟ ದಿನ, ಒಡೆದ ಮರಿ, ಇಷ್ಟನ್ನು ಬರೆಯಿರಿ. ರೋಗ, ಸೆಕೆ, ಕೆಟ್ಟ ಮೇವು, ರಾತ್ರಿ ಬಂದ ಬೆಕ್ಕು ಯಾವುದೇ ಇರಲಿ, ಹಕ್ಕಿಯ ಮೈಯಲ್ಲಿ ಕಾಣುವ ಮೊದಲು ಮೊಟ್ಟೆಯ ಸಂಖ್ಯೆಯಲ್ಲಿ ಕಾಣುತ್ತದೆ. ಹನ್ನೆರಡು ಬರುತ್ತಿದ್ದದ್ದು ಏಳಕ್ಕೆ ಇಳಿದ ದಿನವೇ ಕಾರಣ ಹುಡುಕಿದರೆ ಗುಂಪು ಉಳಿಯುತ್ತದೆ.

ಹೊಸದಾಗಿ ಶುರುಮಾಡುವವರಿಗೆ ನನ್ನ ಮಾತು ಇಷ್ಟೇ. ಮರಿಯಿಂದ ಶುರು ಮಾಡಬೇಡಿ, ನಾಲ್ಕು ವಾರ ದಾಟಿದ ಇಪ್ಪತ್ತು ಹಕ್ಕಿ ತನ್ನಿ. ಒಂದು ಮಳೆಗಾಲ, ಒಂದು ಬೇಸಿಗೆ ಅವನ್ನು ಚೆನ್ನಾಗಿ ದಾಟಿಸಿ, ಆಮೇಲೆ ಇನ್‌ಕ್ಯುಬೇಟರ್ ಕೊಳ್ಳಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ತರಬೇತಿ ಸಂಸ್ಥೆಯನ್ನೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ, ತರಬೇತಿ ಇದ್ದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ತಪ್ಪದೆ ಕೊಡಬಲ್ಲಿರಾದರೆ ಗೌಜಲಕ್ಕಿ ನಿಮಗೆ ಒಗ್ಗುತ್ತದೆ. ಅಷ್ಟು ಬಿಡುವಿಲ್ಲದವರು ಸಾಕದಿರುವುದೇ ಹಕ್ಕಿಗೂ ಅವರಿಗೂ ಒಳ್ಳೆಯದು.